ಲೆದರ್ ಸೀಟು, ಮಖಮಲ್ ಸೀಟು ಮತ್ತು ನನ್ನ ಸುಟ್ಟ ತೊಡೆ

ಹೊಸಪೇಟೆಯ ಮೇ ತಿಂಗಳ ಮಧ್ಯಾಹ್ನದಲ್ಲಿ, ಗ್ಲಾಸು ಏರಿಸಿ ಬಿಸಿಲಿಗೆ ನಿಲ್ಲಿಸಿದ್ದ ಕಾರಿನ ಕಪ್ಪು ಲೆದರ್ ಸೀಟಿನ ಮೇಲೆ ಬರ್ಮುಡಾ ಚಡ್ಡಿಯಲ್ಲಿ ಕುಳಿತ ಮಹಾನುಭಾವ ನಾನೇ. ಯಾರೂ ಕೂರು ಅಂದಿರಲಿಲ್ಲ. "ಲೆದರ್ ಕಾಯ್ತದ ಅನ್ನೋದು ಹಳೇ ಮಾತ್ರೀ, ಈಗಿನ ಲೆದರ್ರೇ ಬ್ಯಾರೆ, ನೋಡ್ರಿ ಬೇಕಾದ್ರ" ಎಂದು ಗಿರಾಕಿಯ ಮುಂದೆ ಎದೆ ಉಬ್ಬಿಸಿ ಹೇಳಿ, ಬಾಗಿಲು ತೆಗೆದು ಧಡಕ್ಕನೆ ಕೂತೆ. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಾಗ ಬರುವ ಸದ್ದು ನನ್ನ ತೊಡೆಯಿಂದಲೇ ಬಂತೆಂದು ಇವತ್ತಿಗೂ ನಂಬಿದ್ದೇನೆ. ನನಗೆ ಕೆಲಸ ಕಲಿಸಿದ ನಮ್ಮ ಅಂಗಡಿಯ ಉಸ್ತಾದರು ಒಪ್ಪುವುದಿಲ್ಲ. ಅವರ ಪ್ರಕಾರ ಸದ್ದು ಬಂದದ್ದು ನನ್ನ ಬಾಯಿಂದ, ಅದೂ ಎದುರಿನ ಪಂಕ್ಚರ್ ಅಂಗಡಿಯವನು ಎದ್ದು ಬಂದು ನೋಡುವಷ್ಟು ಜೋರಾಗಿ.

ಏಳುವ ಗಡಿಬಿಡಿಯಲ್ಲಿ ತಲೆ ಕಾರಿನ ಮಾಡಿಗೆ ಬಡಿಯಿತು. ಬಡಿದ ರಭಸಕ್ಕೆ ಮತ್ತೆ ಅದೇ ಸೀಟಿನ ಮೇಲೆ ಬಿದ್ದೆ. ಹೀಗಾಗಿ ಒಂದೇ ಬದಿಯನ್ನು ಎರಡು ಸಲ ಬೇಯಿಸಿದ ರೊಟ್ಟಿಯಂತಾದೆ. ಆಮೇಲೆ ಕೆಲವು ದಿನ ನಾನು ಮೆಸ್ಸಿನಲ್ಲಿ ನಿಂತೇ ಉಂಡದ್ದು, "ಏನ್ ಬಂಧು, ಲಗ್ನದ ಊಟ ಅಂದ್ಕಂಡ್ಯಾ?" ಅಂತ ಮೆಸ್ಸಿನವನು ಕೇಳಿದ್ದು, ಅದೆಲ್ಲ ಬಿಡಿ.

ನನ್ನ ಕುಣಿತ ನೋಡಿ ಆ ಗಿರಾಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಮೆತ್ತಗೆ ಒಂದು ಮಾತು ಹೇಳಿದರು: "ನಿನಗ ಸುಟ್ಟಿದ್ದು ಗೊತ್ತಾತು, ಎದ್ದಿ. ನನಗ ಗೊತ್ತಾಗಂಗಿಲ್ಲಪ್ಪಾ."

ನಾನು ಕುಂಟುತ್ತ ಹೋಗಿ ಕಾರಿನ ಗ್ಲಾಸು ಇಳಿಸಿದೆ.

ಆ ಗಿರಾಕಿ ಒಬ್ಬ ಟೀಚರಮ್ಮ. ಕಂಪ್ಲಿ ಕಡೆಯ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳುವವರು. ನಮ್ಮ ಕಡೆ ಹೆಣ್ಣು ಮೇಷ್ಟ್ರನ್ನು ಅಕ್ಕೋರು ಅನ್ನುತ್ತೇವೆ, ನಾನೂ ಹಾಗೇ ಕರೆಯುತ್ತಿದ್ದೆ. ಸ್ಕೂಟಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವರಿಗೆ ಸೊಂಟದಿಂದ ಕೆಳಗೆ ಚಲನೆ ಇಲ್ಲ. ಮುಟ್ಟಿದ್ದು, ಚುಚ್ಚಿದ್ದು, ಸುಟ್ಟದ್ದು ಏನೂ ತಿಳಿಯುವುದಿಲ್ಲ. ಗಾಲಿ ಕುರ್ಚಿಯಲ್ಲಿ ಓಡಾಟ. ಹೊಸಪೇಟೆಯಲ್ಲಿ ಮನೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ತಮ್ಮ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ನಮ್ಮ ಸೀಟು ಹೊಲಿಯುವ ಅಂಗಡಿಗೆ ಬಂದರು. ಆ ತಮ್ಮ ಯಶವಂತನಗರದ ಗಣಿಯಲ್ಲಿ ಲಾರಿ ಡ್ರೈವರ್. ಅಂಗಿಯ ಕಾಲರಿನಿಂದ ಚಪ್ಪಲಿಯ ಉಂಗುಟದವರೆಗೆ ಅದಿರಿನ ಕೆಂಪು. ಅವರು ಒರಗಿದ ನಮ್ಮ ಬಿಳಿ ಕಂಬಕ್ಕೆ ಇವತ್ತಿಗೂ ಅವರ ಬೆನ್ನಿನ ಅಚ್ಚು ಇದೆ.

ಕಾರು ಸೆಕೆಂಡ್ ಹ್ಯಾಂಡು, ಗೇರಿಲ್ಲದ್ದು. ಸ್ಟೇರಿಂಗ್ ಪಕ್ಕ ಒಂದು ಸರಳು ಕೂರಿಸಿದ್ದರು: ಒತ್ತಿದರೆ ಬ್ರೇಕು, ಎಳೆದರೆ ಎಕ್ಸಲೇಟರು. ಡ್ಯಾಶ್‌ಬೋರ್ಡ್ ಮೇಲೆ ಬೆರಳುದ್ದದ ಒಂದು ಬುದ್ಧನ ಮೂರ್ತಿ. ಅದನ್ನು ಸರಿಸಲು ಹೋದವನಿಗೆ ಕಾರಿನೊಳಗಿನಿಂದಲೇ ಅಪ್ಪಣೆ ಬಂತು.

"ಅದನ್ನ ಮುಟ್ಟಬ್ಯಾಡ. ಈ ಗಾಡ್ಯಾಗ ಅಳ್ಳಾಡ್ದ ಕುಂತಿರಾಂವ ಆತ ಒಬ್ನ."

"ಸೀಟಿಗೆ ಏನಾಗ್ಯದ್ರಿ ಅಕ್ಕೋರ?" ಅಂದೆ.

"ಎಲ್ಲಾ ಆತು ನೋಡಪ್ಪ. ಕೈಲೇ ಬ್ರೇಕು, ಕೈಲೇ ಎಕ್ಸಲೇಟ್ರು, ಲೈಸನ್ಸೂ ಬಂತು. ಉಳಿದಿದ್ದು ಕುಂದ್ರೋದೊಂದು."

ಕಾರಿನಿಂದ ಗಾಲಿ ಕುರ್ಚಿಗೆ ಇಳಿದು, ಹೇಗೆ ಎಂದು ತೋರಿಸಿದರು. ಗಾಲಿ ಕುರ್ಚಿಯನ್ನು ಕಾರಿನ ಬಾಗಿಲಿಗೆ ಹಚ್ಚಿ ನಿಲ್ಲಿಸಿ, ಕುರ್ಚಿಗೂ ಸೀಟಿಗೂ ನಡುವೆ ನುಣುಪಾದ ಒಂದು ಹಲಗೆ ಸೇತುವೆಯಂತೆ ಇಟ್ಟರು. ಕೈ ಊರಿ ಹಲಗೆಯ ಮೇಲೆ ಜಾರುತ್ತಾ ಬಂದರು. ಹಲಗೆ ಮುಗಿದು ಸೀಟು ಶುರುವಾಗುವ ಕಡೆ ನಿಂತುಬಿಟ್ಟರು. ಸೀಟಿಗೆ ಕಂಪನಿಯಿಂದಲೇ ಬಂದಿದ್ದ ವೆಲೂರ್ ಬಟ್ಟೆ ಇತ್ತು. ನಮ್ಮ ಅಂಗಡಿಯಲ್ಲಿ ಅದನ್ನು ಮಖಮಲ್ ಅನ್ನುತ್ತೇವೆ. ಹಳತಾಗಿ ಗಂಟುಗಟ್ಟಿದ ಆ ಮಖಮಲ್ ಅವರ ಬಟ್ಟೆಯನ್ನು ಕಚ್ಚಿ ಹಿಡಿಯುತ್ತಿತ್ತು. ಅಲ್ಲಿಂದ ಮುಂದೆ ತಮ್ಮ ಬಗ್ಗಿ, ಎರಡೂ ಕೈ ಹಾಕಿ, ಎತ್ತಿ ಕೂರಿಸಬೇಕು. ಅಕ್ಕ ಬಿದ್ದಾಗಿನಿಂದ ಅವರೇ ಎತ್ತುತ್ತಿದ್ದದ್ದು.

"ಇವನ ಡ್ಯೂಟಿ ಒಂದಿನ ಹಗಲು, ಒಂದಿನ ರಾತ್ರಿ. ಎಷ್ಟಂತ ಎತ್ತತಾನ?" ಅಂದರು ಟೀಚರಮ್ಮ. "ರಜಾ ಎಲ್ಲಾ ಮುಗದಾವು. ಶಾಲಿ ತೆರೆದ ದಿನ ನಾ ಹೋಗಿ ಸಹಿ ಮಾಡ್ಬೇಕು. ನಾನೊಬ್ಬಾಕಿನ ಹತ್ತಿ ಇಳಿಯಾಕ ಬರ್ಲಿಲ್ಲಂದ್ರ ರಾಜೀನಾಮಿ ಬರದು ಕೊಡ್ತೀನಿ. ದಿನಾ ಇನ್ನೊಬ್ರ ಕೈಯಾಗ ಚೀಲ ಆಗಾಕ ನನ್ನಿಂದ ಆಗಂಗಿಲ್ಲ."

"ಯಾರ್ ಚೀಲ ಅಂದ್ರು ನಿನಗ?" ತಮ್ಮ ಸಿಟ್ಟಾದರು.

"ಅಕ್ಕಿ ಚೀಲಾದ್ರ ನಿನಗ ಹಗುರ ಆಗ್ತಿತ್ತು, ಸುಮ್ನಿರು."

ತಮ್ಮನ ವಾದ ನೇರವಾಗಿತ್ತು. ಮಖಮಲ್ ಹಿಡಿಯುತ್ತದೆ, ಲೆದರ್ ಜಾರುತ್ತದೆ. ಮೇಲಾಗಿ ಮಖಮಲ್ ಗಣಿಯ ಧೂಳು ಕುಡಿಯುತ್ತದೆ, ಲೆದರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ನನಗೋ ಲೆದರ್ ಅಂದರೆ ಹುಚ್ಚು. ಮೊಬೈಲ್ ತುಂಬ ಲೆದರ್ ಸೀಟಿನ ವಿಡಿಯೋಗಳೇ. ನಮ್ಮ ಅಂಗಡಿಗೆ ಬರುವವರು ಹೆಚ್ಚಾಗಿ ಲೆದರ್ ಕೇಳಿ ರೆಕ್ಸಿನ್ ಹಾಕಿಸಿಕೊಂಡು ಹೋಗುವವರು. ಖರೇ ಲೆದರ್ ಕೈಗೆ ಸಿಗುವುದು ವರ್ಷಕ್ಕೊಮ್ಮೆ. ತಮ್ಮ ಖರೇದೇ ಬೇಕು ಅಂದಾಗ ನಾನು ಕುಣಿಯುವುದೊಂದು ಬಾಕಿ.

ಉಸ್ತಾದರು ಮಾತ್ರ ಹಳೆಯ ಮಖಮಲ್ಲಿನ ಮೇಲೆ ಅಂಗೈ ಆಡಿಸುತ್ತ ನಿಂತಿದ್ದರು. "ಇದು ಕುದುರಿ ಮೈ ಇದ್ದಂಗ. ಬೆವರು ಕುಡೀತದ, ಕುಂತಾರನ್ನ ಹಿಡಕಂತದ" ಅಂದರು. ನಾನು ತಡೆದೆ. "ಉಸ್ತಾದ್, ಕುದುರಿ ಕಾಲ ಹೋತು." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಡು ಹೀರೋ, ನೀನ ಮಾಡು" ಅಂದರು. ಉಸ್ತಾದರು ನನ್ನನ್ನು ಹೀರೋ ಅಂದ ದಿನವೆಲ್ಲ ನನಗೆ ಏನಾದರೊಂದು ಅನಾಹುತ ಆಗಿಯೇ ಆಗಿದೆ.

ಕೆಲಸ ಶುರುವಾಯಿತು. ಸೀಟಿನ ಬೋಲ್ಟು ಬಿಚ್ಚಿ ಹೊರಗೆ ತೆಗೆದೆ. ಕವರನ್ನು ಫೋಮಿಗೆ ಕಟ್ಟಿದ ತಂತಿ ರಿಂಗುಗಳನ್ನು ಒಂದೊಂದಾಗಿ ಕತ್ತರಿಸಿದೆ. ಹಳೆಯ ಕವರಿನ ಹೊಲಿಗೆ ಬಿಚ್ಚಿ, ತುಂಡುಗಳನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದೆ. ಲೆದರ್ ಬಂತು. ಹಾಸಿದಾಗ ಅಂಗಡಿ ತುಂಬ ಅದರ ವಾಸನೆ. ಬಟ್ಟೆ ಒಂದೇ ಸಮನಾಗಿರುತ್ತದೆ, ಚರ್ಮ ಹಾಗಲ್ಲ. ಪ್ರಾಣಿಯ ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ. ಕೂರುವ ಜಾಗಕ್ಕೆ ಬೆನ್ನಿನದೇ ತುಂಡು ಬೇಕು. ಒಮ್ಮೆ ಸೂಜಿ ಇಳಿದರೆ ತೂತು ಶಾಶ್ವತ, ತಪ್ಪಿದರೆ ಬಿಚ್ಚಿ ಹೊಲಿಯುವ ಮಾತಿಲ್ಲ.

ಸಾದಾ ಹೊಲಿದಿದ್ದರೆ ಆಗುತ್ತಿತ್ತು. ಆದರೆ ನಾನು ಕಲಾವಿದ. ಸೀಟಿನ ತುಂಬ ವಜ್ರದ ಆಕಾರದ ಚೌಕಗಳು, ಅದಕ್ಕೆ ಕೆಂಪು ದಾರ, ಪ್ರತಿ ಚೌಕದ ಕೆಳಗೆ ಫೋಮಿನ ಉಬ್ಬು. ಕಾರಿನ ಎರಡೂ ಮುಂದಿನ ಸೀಟು ಹೊಲಿದು ಕೂರಿಸಿ, ಹೀಟ್ ಗನ್ ಹಿಡಿದು ಸುಕ್ಕು ಬಿಡಿಸಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಸ್ಟೇಟಸ್ಸಿಗೆ ಹಾಕಿದೆ. ನನ್ನ ಸೋದರತ್ತೆ ಮರಿಯಮ್ಮನಹಳ್ಳಿಯಿಂದ ಫೋನ್ ಮಾಡಿ, "ಕಾರು ತಗಂಡ್ಯೇನೋ?" ಅಂತ ಕೇಳಿದರು. ಹೂಂ ಅಂದುಬಿಟ್ಟೆ. ಆ ಸುಳ್ಳಿನ ಕಥೆ ಬೇರೆ ಇದೆ.

ಟೀಚರಮ್ಮ ಬಂದರು. ಹಲಗೆ ಇಟ್ಟರು. ಕೈ ಊರಿದರು. ಸರ್ರನೆ ಒಳಗೆ ಬಂದು ಕೂತರು. ತಮ್ಮ ಚಪ್ಪಾಳೆ ತಟ್ಟಿದರು. ನಾನು ಉಸ್ತಾದರ ಕಡೆ ನೋಡಿ ಹುಬ್ಬು ಕುಣಿಸಿದೆ. ಕಮಲಾಪುರದವರೆಗೆ ಹೋಗಿ ಬರೋಣ ಎಂದು ಹೊರಟೆವು. ಟೀಚರಮ್ಮನ ಪಕ್ಕ ತಮ್ಮ, ಹಿಂದೆ ನಾನು ಮತ್ತು ಉಸ್ತಾದರು.

ಊರು ದಾಟುವವರೆಗೆ ಚೆನ್ನಾಗಿತ್ತು. ಮುಂದೆ ಕುರಿ ಹಿಂಡು ರಸ್ತೆಗೆ ಇಳಿಯಿತು. ಟೀಚರಮ್ಮ ಸರಳು ಒತ್ತಿದರು. ಕಾರು ನಿಂತಿತು, ಅವರು ನಿಲ್ಲಲಿಲ್ಲ. ಕಾಲು ಊರಿ ತಡೆಯುವ ಹಾಗಿಲ್ಲವಲ್ಲ. ಲೆದರ್ ಅವರನ್ನು ಒಳಗೆ ಬಿಟ್ಟುಕೊಂಡಷ್ಟೇ ಸಲೀಸಾಗಿ ಮುಂದಕ್ಕೂ ಕಳಿಸಿತು. ಬೆಲ್ಟು ಹೊಟ್ಟೆಗೆ ಬಿಗಿಯಿತು, ಮಂಡಿ ಸ್ಟೇರಿಂಗ್ ಕೆಳಗೆ ಸಿಕ್ಕಿತು. ತಮ್ಮ ಹಿಂದಕ್ಕೆ ಎಳೆದು ಸರಿ ಮಾಡಿದರು. ಕೆರೆ ಹತ್ತಿರದ ತಿರುವಿನಲ್ಲಿ ಇನ್ನೂ ಕೆಟ್ಟದಾಯಿತು. ಮೈ ಬಾಗಿಲ ಕಡೆ ವಾಲಿತು. ಬೀಳದಿರಲು ಅವರು ಸ್ಟೇರಿಂಗ್ ಹಿಡಿದು ಜೋತರು. ಸ್ಟೇರಿಂಗಿಗೆ ಏನು ಗೊತ್ತು ಪಾಪ, ಅದು ತಿರುಗಿತು. ಎದುರಿಗೆ ಬಾಳೆಗೊನೆ ತುಂಬಿದ ಟ್ರ್ಯಾಕ್ಟರು. ತಮ್ಮ ಕೈ ಹಾಕಿ ಚಕ್ರ ತಿರುವಿದರು. ನಾನು ಹಿಂದಿನ ಸೀಟಿನಲ್ಲಿ ಎಷ್ಟು ದೇವರುಗಳ ಹೆಸರು ಹೇಳಿದೆನೆಂದರೆ, ಅದರಲ್ಲಿ ಕೆಲವರು ದೇವರೇ ಅಲ್ಲವೆಂದು ಉಸ್ತಾದರು ಆಮೇಲೆ ತಿದ್ದಿದರು.

ಕಾರು ಬದಿಗೆ ನಿಂತಿತು. ಟೀಚರಮ್ಮ ಸ್ಟೇರಿಂಗನ್ನು ಅಂಗೈಯಿಂದ ತಟ್ಟಿದರು.

"ಇದನ್ನ ನಾ ತಿರುವಾಕ ಹಿಡೀಬೇಕು. ಬೀಳಬಾರ್ದಂತ ಹಿಡಿಯಾಕಲ್ಲ" ಅಂದರು.

ಮರುದಿನ ಅವರೇ ಫೋನ್ ಮಾಡಿದರು. ಮೈ ಅವರಿಗೆ ಏನೂ ಹೇಳುವುದಿಲ್ಲವಾದ್ದರಿಂದ ದಿನಾ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುತ್ತಾರೆ. ಒಂದು ಸಣ್ಣ ಒತ್ತು, ಒಂದು ಗಾಯ ಗಮನಕ್ಕೆ ಬರದೆ ಹೋದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ಆ ದಿನ ಕನ್ನಡಿಯಲ್ಲಿ ಕಂಡದ್ದು ಕೆಂಪು ಗೆರೆಗಳು. "ನಿನ್ನ ಡಿಜೈನ್ ಭಾಳ ಚಂದ ಐತಪ್ಪ. ನನ್ನ ತೊಡಿ ಮ್ಯಾಲ ಪೂರ್ತಿ ಅಚ್ಚಾಗೈತಿ."

ಅದಾದ ಮೇಲೆ ಅವರು ಅಂಗಡಿಗೆ ಬಂದು, ಹೊಲಿಗೆಯ ಜತೆ ಕಾವಿನದೂ ಭಯವಿದೆ ಅಂದಾಗಲೇ ನಾನು ಚಡ್ಡಿಯಲ್ಲಿ ಕುಳಿತು ಲೆದರಿನ ಮಾನ ಕಾಯಲು ಹೋದದ್ದು. ನನ್ನ ಮಾನ ಹೋದದ್ದು.

"ಬಿಚ್ಚು" ಅಂದರು ಉಸ್ತಾದರು. ಹೀರೋ ಅನ್ನಲಿಲ್ಲ.

ಬಿಚ್ಚಿದೆ. ಹೊಸ ಮಖಮಲ್ ತರಿಸಿದೆವು, ಕಡು ನೀಲಿ ಬಣ್ಣದ್ದು. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನಾನು ಮಖಮಲ್ಲನ್ನು ಕಣ್ಣೆತ್ತಿ ನೋಡಿದವನಲ್ಲ. ಅಜ್ಜಂದಿರ ಕಾರಿನ ಬಟ್ಟೆ ಅಂತ ಅಸಡ್ಡೆ. ಥಾನು ಬಿಚ್ಚಿ ಹಾಸಿದಾಗ ಅದು ಮಲಗಿದ ಪ್ರಾಣಿಯ ಹಾಗೆ ಕಂಡಿತು. ನೂಲು ನೇಯ್ದ ಬಟ್ಟೆಯ ಮೇಲೆ ಸಣ್ಣ ಕೂದಲಂತೆ ಎಳೆಗಳು ಎದ್ದು ನಿಂತಿರುತ್ತವೆ. ನಿಂತಿರುತ್ತವೆ ಅಂದರೂ ಎಲ್ಲವೂ ಒಂದೇ ಕಡೆ ಸ್ವಲ್ಪ ಬಾಗಿರುತ್ತವೆ. ಬಾಗಿದ ಕಡೆ ಕೈ ಎಳೆದರೆ ನುಣುಪು, ಎದುರು ಎಳೆದರೆ ತಡೆ. ಬೆಕ್ಕಿನ ಬೆನ್ನು ಸವರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಿಸಿಲಿಗಿಟ್ಟು ಮುಟ್ಟಿದೆ, ಕೈ ಸುಡಲಿಲ್ಲ. ತೊಡೆಯಿಂದ ಪರೀಕ್ಷೆ ಮಾಡುವ ಅಭ್ಯಾಸವನ್ನು ಬಿಟ್ಟಿದ್ದೆ.

ಎಲ್ಲಾ ಸೀಟು ಹೊಲಿಯುವವರಿಗೂ ಗೊತ್ತಿರುವ ಮೊದಲ ಪಾಠ: ಮಖಮಲ್ ಕತ್ತರಿಸುವಾಗ ಎಲ್ಲಾ ತುಂಡುಗಳ ಕೂದಲೂ ಒಂದೇ ದಿಕ್ಕಿಗಿರಬೇಕು. ನನಗೂ ಗೊತ್ತಿತ್ತು. ಆದರೆ ರಟ್ಟುಗಳನ್ನು ತಲೆಕೆಳಗು ಮಾಡಿಟ್ಟರೆ ಬಟ್ಟೆ ಬಹಳ ಉಳಿಯುತ್ತದೆ, ಉಳಿದದ್ದರಲ್ಲಿ ನನ್ನ ಬೈಕಿಗೊಂದು ಸೀಟ್ ಕವರ್ ಆಗುತ್ತದೆ ಎಂಬ ದುರಾಸೆ ಹುಟ್ಟಿತು. ತಲೆಕೆಳಗು ಮಾಡಿಯೇ ಕತ್ತರಿಸಿದೆ. ಹೊಲಿದು ಕೂರಿಸಿ ಬೆಳಕಿಗೆ ತಂದಾಗ ಬೆನ್ನಿನ ಭಾಗ ಕಪ್ಪು ನೀಲಿ, ಕೂರುವ ಭಾಗ ಬೂದು ನೀಲಿ, ಅದರಲ್ಲೂ ಎಡಕ್ಕೊಂದು ಬಣ್ಣ ಬಲಕ್ಕೊಂದು ಬಣ್ಣ.

"ಎರಡು ಗಾಡಿ ಸೀಟು ಕಡದು ಒಂದು ಮಾಡ್ಯೇನ್ಲೇ?" ಅಂದರು ತಮ್ಮ.

ಬಣ್ಣದ ಮಾತು ಹಾಗಿರಲಿ, ಟೀಚರಮ್ಮ ಹತ್ತಲು ನೋಡಿದರು. ಹಲಗೆಯ ಕೊನೆಗೆ ಬಂದು ಸೀಟಿನ ಅಂಚಿಗೆ ಸಿಕ್ಕಿಕೊಂಡರು. ಅರ್ಧ ಮೈ ಕಾರಿನೊಳಗೆ, ಅರ್ಧ ಹೊರಗೆ. ಮತ್ತೆ ಕೈ ಊರಿದರು, ಆಗಲಿಲ್ಲ. ಮತ್ತೆ ಊರಿದರು. ತಮ್ಮ ಅವತ್ತು ಬಂಡ್ರಿಗೆ ಯಾವುದೋ ಕೆಲಸಕ್ಕೆ ಹೊರಡುವವರಿದ್ದರು, ಬೈಕಿನ ಕೀಲಿ ಬಾಯಲ್ಲಿ ಕಚ್ಚಿಕೊಂಡು ಎತ್ತಲು ಬಗ್ಗಿದರು.

"ಮುಟ್ಟಬ್ಯಾಡ."

"ಅಕ್ಕಾ, ಬೀಳ್ತಿ."

"ಬಿದ್ರ ಬೀಳ್ತೀನಿ. ಮುಟ್ಟಬ್ಯಾಡಂದ್ನಲ್ಲ."

ಅವರೇ ಇಂಚಿಂಚು ಸರಿದು ಕುರ್ಚಿಗೆ ವಾಪಸಾದರು. ಮುಖದ ಬೆವರು ಒರೆಸಿಕೊಂಡು, "ಚಾ ತರಸ್ರಿ" ಅಂದರು. ಶಾಲೆ ತೆರೆಯುವುದು ಹತ್ತಿರ ಬಂದಿತ್ತು. ತಮ್ಮ ಕಂಬದ ಕಡೆ ಮುಖ ಮಾಡಿ ನಿಂತಿದ್ದರು. ನನಗೆ ಆ ದಿನ ಒಂದೂ ತಮಾಷೆ ಹೊಳೆಯಲಿಲ್ಲ.

ಚಹಾ ಕುಡಿಯುತ್ತಾ ಟೀಚರಮ್ಮ ಎಡಗೈಯಲ್ಲಿ ಸೀಟನ್ನು ಸವರುತ್ತಿದ್ದರು. ಹಿಂದಕ್ಕೆ, ಮುಂದಕ್ಕೆ, ಅಡ್ಡಕ್ಕೆ.

"ಏನಪ್ಪಾ ಕಲಾವಿದ, ಈ ತುಂಡು ಮುಂದಕ್ಕ ಜಾರ್ತದ. ಅದರ ಪಕ್ಕದ್ದು ಹಿಡೀತದ. ಒಂದ ಬಟ್ಟಿ ಅಲ್ಲೇನು?"

ನನ್ನ ದುರಾಸೆಯ ಕಥೆ ಬಾಯಿಬಿಡಬೇಕಾಯಿತು. ಬೈಕಿನ ಸೀಟ್ ಕವರಿನ ತನಕ ಹೇಳಿದೆ. ಉಸ್ತಾದರು ಕತ್ತರಿ ಹುಡುಕುತ್ತಿದ್ದರು, ಬಹುಶಃ ನನಗೇ. ಟೀಚರಮ್ಮ ಮಾತ್ರ ಬೈಯಲಿಲ್ಲ.

"ಹಂಗಾದ್ರ ತಪ್ಪು ಬಟ್ಟೀದಲ್ಲ, ದಿಕ್ಕಿಂದು" ಅಂದರು. "ನನಗ ಬಾಗ್ಲ ಕಡಿಯಿಂದ ಒಳಗ ಹೋಗಾಕ ಬಿಡ್ಬೇಕು. ಮುಂದ ಜಾರಾಕ ಬಿಡಬಾರ್ದು, ಬಾಗ್ಲ ಕಡಿ ವಾಲಾಕೂ ಬಿಡಬಾರ್ದು. ಕೂದ್ಲು ಯಾವ ಕಡಿ ಮಲಗಿಸ್ಬೇಕು, ಹೇಳು."

ಲೆಕ್ಕದ ಅಕ್ಕೋರು ಪ್ರಶ್ನೆ ಕೇಳಿದರೆ ನಾನು ಶಾಲೆಯಲ್ಲಿ ಮಾಡುತ್ತಿದ್ದುದನ್ನೇ ಮಾಡಿದೆ: ನೆಲ ನೋಡಿದೆ. ಆಮೇಲೆ ಹೊಳೆಯಿತು, ಹೇಳಿ ಉಪಯೋಗವಿಲ್ಲ, ಕೂತೇ ನೋಡಬೇಕು. ಕೂರುವುದರಲ್ಲಿ ಹೇಗೂ ನನ್ನ ಹೆಸರು ಕೆಟ್ಟಿತ್ತು.

ಕಾರಿನ ಸೀಟನ್ನು ಕಲ್ಲಿನ ಮೇಲಿಟ್ಟೆ. ಹಾಳಾದ ತುಂಡುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಅದರ ಮೇಲೆ ಬಿಗಿದೆ. ನನ್ನ ಎರಡೂ ಕಾಲು ಹಗ್ಗದಿಂದ ಕಟ್ಟಿಸಿಕೊಂಡೆ. ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಿಂದ ಟೀಚರಮ್ಮನ ಹಲಗೆಯ ಮೇಲೆ ಜಾರಲು ಹೊರಟೆ. ಮೊದಲ ಸಲ ಕುರ್ಚಿ ಸಮೇತ ಬಿದ್ದೆ. ಎರಡನೇ ಸಲ ಕುರ್ಚಿ ಅಲ್ಲೇ ಉಳಿಯಿತು, ನಾನೊಬ್ಬನೇ ಬಿದ್ದೆ. ಪಂಕ್ಚರ್ ಅಂಗಡಿಯವನು ಸ್ಟೂಲು ತಂದುಕೊಂಡು ಕೂತ.

"ಹಂಗಲ್ಲೋ ಹುಡುಗಾ. ತಲಿ ಮುಂದ ಬಗ್ಗಿಸು. ಹೋಗೋ ಕಡಿ ಅಲ್ಲ, ಎದುರು ಕಡಿ ತಲಿ ಹಾಕು. ತಲಿ ಆ ಕಡಿ ಹೋದ್ರ ಸೊಂಟ ತಾನ ಈ ಕಡಿ ಬರ್ತದ."

ಹಾಗೆ ಮಾಡಿದೆ. ಬಂತು! ಅವರು ಅದನ್ನು ಕಲಿಯಲು ಎಷ್ಟು ಸಲ ಬಿದ್ದಿರಬೇಕು ಅಂತ ಆಗ ಅನ್ನಿಸಿತು. ನನ್ನ ಕಾಲಿಗೆ ಕಟ್ಟಿದ್ದು ಬಿಚ್ಚಬಹುದಾದ ಹಗ್ಗ. ಆದರೂ ಬೆಳಗಿನ ತಿಂಡಿ ತಿನ್ನುವಷ್ಟು ಹೊತ್ತಿನಲ್ಲೇ ನನ್ನ ತೋಳು ಸತ್ತು ಹೋಗಿದ್ದವು. ಅವರು ಅದೇ ತೋಳಿನಲ್ಲಿ ಏಳುತ್ತಾರೆ, ಅಡುಗೆ ಮಾಡುತ್ತಾರೆ, ಕಾರು ನಡೆಸುತ್ತಾರೆ, ನಡುನಡುವೆ ನನ್ನಂಥವರಿಗೆ ಪಾಠ ಹೇಳುತ್ತಾರೆ.

ಬಿದ್ದು ಎದ್ದು ಒಂದು ತೀರ್ಮಾನಕ್ಕೆ ಬಂದೆವು. ಕೂದಲು ಮುಂದಕ್ಕೂ ಮಲಗಬಾರದು, ಅಡ್ಡಕ್ಕೂ ಮಲಗಬಾರದು. ಬಾಗಿಲ ಕಡೆಯ ಮುಂದಿನ ಮೂಲೆಯಿಂದ ಒಳಗಡೆಯ ಹಿಂದಿನ ಮೂಲೆಗೆ ಓರೆಯಾಗಿ ಮಲಗಬೇಕು. ಆಗ ಒಳಗೆ, ಹಿಂದಕ್ಕೆ ಸರಿಯುವವರಿಗೆ ದಾರಿ ಬಿಡುತ್ತದೆ, ಮುಂದೆ ಅಥವಾ ಬಾಗಿಲ ಕಡೆ ಹೊರಟವರನ್ನು ಹಿಡಿಯುತ್ತದೆ. ಇಳಿಯುವಾಗ? "ಹಲಿಗಿ ಕೆಳಗ ತೂರಿಸ್ಕಂತೀನಿ, ಬಟ್ಟೀದು ಪ್ರಶ್ನೇನ ಇಲ್ಲ" ಅಂದರು ಟೀಚರಮ್ಮ. ಒಂದೇ ತೊಡಕು ಉಳಿಯಿತು. ಹಲಗೆ ಮುಗಿಯುವ ಅಂಚಿನಲ್ಲಿ ಯಾವ ದಿಕ್ಕಿನ ಮಖಮಲ್ಲೂ ಸ್ವಲ್ಪ ಕಚ್ಚುತ್ತಿತ್ತು.

"ಅಂಚಿಗೆ ಲೆದರ್ ಹಾಕೋಣ್ರಿ" ಅಂದೆ. "ಬರೀ ಬಾಗ್ಲ ಕಡಿ ಅಂಚು. ಸಾದಾ, ಒಂದೂ ಹೊಲಿಗಿ ಇಲ್ದ. ಅದರ ಮ್ಯಾಲ ಯಾರೂ ಕುಂದ್ರಂಗಿಲ್ಲ, ದಾಟಿ ಹೋಗ್ತಾರಷ್ಟ."

ಉಸ್ತಾದರು ಮೂಗು ಮುರಿದರು. "ಲುಂಗಿ ಮ್ಯಾಲ ಕೋಟು ಹಾಕ್ದಂಗ ಕಾಣ್ತದ."

"ಕಾಣಲಿ ಬಿಡ್ರಿ ಉಸ್ತಾದ್" ಅಂದರು ಟೀಚರಮ್ಮ. "ನಾ ಅದರ ಮ್ಯಾಲ ಕುಂತಿರ್ತೀನಿ. ನನಗಂತೂ ಕಾಣಂಗಿಲ್ಲ."

ಹೇಳಿದಷ್ಟು ಸುಲಭವಿರಲಿಲ್ಲ. ಲೆದರ್ ದಪ್ಪ, ಮಖಮಲ್ ಮೆತ್ತಗೆ. ಎರಡನ್ನೂ ಕೂಡಿಸಿ ಮಿಷನ್ನಿಗೆ ಕೊಟ್ಟರೆ ಲೆದರ್ ನಿಂತಲ್ಲೇ ನಿಲ್ಲುತ್ತದೆ, ಮಖಮಲ್ ಹಾವಿನಂತೆ ತೆವಳುತ್ತದೆ. ಮೊದಲ ಹೊಲಿಗೆ ಮುಗಿದಾಗ ಮಖಮಲ್ ನಾಲ್ಕು ಬೆರಳು ಮುಂದೆ ಹೋಗಿತ್ತು. ಬಿಚ್ಚಿದರೆ ಲೆದರಿನಲ್ಲಿ ತೂತಿನ ಸಾಲು. ಆ ತುಂಡು ಹೋಯಿತು. ಎರಡನೇ ಸಲ ಮೊದಲು ಕೈಯಲ್ಲಿ ಟಾಕಾ ಹಾಕಿ ಹಿಡಿಸಿದೆ, ಆಮೇಲೆ ದೊಡ್ಡ ಹೊಲಿಗೆಯಲ್ಲಿ ನಿಧಾನ ಓಡಿಸಿದೆ. ಸೇರುವ ಹೊಲಿಗೆಯನ್ನು ಕೂರುವ ಜಾಗದಿಂದ ದೂರಕ್ಕೆ, ಕೆಳಗಿನ ಇಳಿಜಾರಿಗೆ ಒಯ್ದೆ. ನಡುವಿನ ಮಖಮಲ್ ಒಂದೇ ಅಖಂಡ ತುಂಡು, ಓರೆಯಾಗಿ ಕತ್ತರಿಸಿದ್ದು. ನನ್ನ ಬೈಕಿಗೆ ಉಳಿದದ್ದು ಕರವಸ್ತ್ರದಷ್ಟು. ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಗುಂಡುಸೂಜಿಯಲ್ಲಿ ಎತ್ತಿ, ಉಗಿ ಹಿಡಿದು ನಿಲ್ಲಿಸಿದೆ. ಉಸ್ತಾದರು ಬಾಯಲ್ಲಿ ಗೊಣಗುತ್ತಲೇ ಫೋಮ್ ಕೆತ್ತಿದರು. ಮುಂದಿನ ಅಂಚು ಸ್ವಲ್ಪ ಎತ್ತರ, ಹಿಂದೆ ಸ್ವಲ್ಪ ತಗ್ಗು, ಮೈ ತಾನಾಗಿ ಬೆನ್ನಿನ ಕಡೆ ಹೋಗುವಂತೆ. ಅವರು ಕೆತ್ತಿದ ಫೋಮಿನ ಮೇಲೆ ಕೈ ಆಡಿಸಿದರೆ ಒಂದು ಗಂಟೂ ಸಿಗಲಿಲ್ಲ.

ಪಕ್ಕದ ಸೀಟಿಗೆ ಕೈ ಹಚ್ಚಲಿಲ್ಲ. ನನ್ನ ವಜ್ರದ ಹೊಲಿಗೆಯ ಲೆದರ್ ಅಲ್ಲೇ ಉಳಿಯಿತು. "ಅಲ್ಲಿ ಇವ ಕುಂದ್ರತಾನ. ಇವನ ಕೆಂಪು ಧೂಳು ಒರಸಾಕ ಅದ ಸರಿ" ಅಂದರು ಟೀಚರಮ್ಮ. ನನ್ನ ಕಲೆಗೆ ಸಿಕ್ಕ ಏಕೈಕ ಪ್ರಶಸ್ತಿ ಅದು.

ಪರೀಕ್ಷೆಯ ದಿನ ತಮ್ಮ ಕಾರಿನ ಪಕ್ಕದಲ್ಲೇ ನಿಂತಿದ್ದರು, ಒಂದು ಹೆಜ್ಜೆ ಹಿಂದೆ. ಟೀಚರಮ್ಮ ಹಲಗೆ ಇಟ್ಟರು. ತಲೆ ಕುರ್ಚಿಯ ಕಡೆ ಬಗ್ಗಿಸಿದರು. ಜಾರಿದರು, ಲೆದರ್ ದಾಟಿದರು, ಮಖಮಲ್ಲಿನ ಮೇಲೆ ಬಂದರು. ಇನ್ನೊಮ್ಮೆ ಕೈ ಊರಿದಾಗ ಮೈ ಹಿಂದಕ್ಕೆ ಹೋಗಿ ಸೀಟಿನ ಬೆನ್ನಿಗೆ ಆನಿತು. ಬಗ್ಗಿ ಒಂದೊಂದೇ ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡರು. ಹಲಗೆ ತೆಗೆದರು. ಕುರ್ಚಿಯ ಗಾಲಿಗಳನ್ನು ಕಳಚಿ, ಮಡಚಿ, ತಮ್ಮದೇ ಮೈ ಮೇಲಿಂದ ಪಕ್ಕದ ಸೀಟಿಗೆ ದಾಟಿಸಿದರು. ಬಾಗಿಲು ಹಾಕಿಕೊಂಡರು. ಉಸ್ತಾದರು ಎಲೆ ಅಡಿಕೆ ಅಗಿಯುವುದನ್ನು ಮರೆತಿದ್ದರು.

ನಾವು ಹಿಂದೆ ಹತ್ತಿದೆವು. ತಮ್ಮ ಮುಂದಿನ ಸೀಟಿನಲ್ಲಿ, ಮಡಿಲ ಮೇಲೆ ಕುರ್ಚಿ ಇಟ್ಟುಕೊಂಡು. ಕಮಲಾಪುರದ ತಿರುವು ಬಂದಾಗ ನಾನು ದೇವರ ಪಟ್ಟಿ ಸಿದ್ಧ ಮಾಡಿಕೊಂಡಿದ್ದೆ. ಟೀಚರಮ್ಮನ ಭುಜ ಸ್ವಲ್ಪ ವಾಲಿತು, ಸೊಂಟ ಅಲ್ಲಾಡಲಿಲ್ಲ. ಸ್ಟೇರಿಂಗ್ ಮೇಲಿನ ಬೆರಳುಗಳು ಹಗುರವಾಗಿದ್ದವು, ಸೀಮೆಸುಣ್ಣ ಹಿಡಿದವರ ಹಾಗೆ. ಮುಂದೆ ಖಾಲಿ ರಸ್ತೆಯಲ್ಲಿ ಅವರೇ ಬೇಕಂತಲೇ ಒಂದು ಸಲ ಗಟ್ಟಿ ಬ್ರೇಕ್ ಒತ್ತಿದರು. ಅವರು ಕೂತಲ್ಲೇ ಇದ್ದರು. ಬೆಲ್ಟ್ ಹಾಕದ ನಾನು ಮುಂದಿನ ಸೀಟಿಗೆ ಮೂಗು ಜಜ್ಜಿಸಿಕೊಂಡೆ.

"ಬುದ್ಧ ಕುಂತಾನ, ನಾನೂ ಕುಂತೀನಿ" ಅಂದರು. "ನಿನ್ನೊಬ್ಬಂದು ಸೀಟು ನೋಡ್ಕಬೇಕು ಇನ್ನ."

ಕಂಪ್ಲಿಯ ತನಕ ಹೋಗಿ ಶಾಲೆಯ ಗೇಟು ನೋಡಿ ಬಂದೆವು. ವಾಪಸು ಬಂದ ಮೇಲೆ ಅವರು ಕನ್ನಡಿ ಹಿಡಿದು ಚರ್ಮ ನೋಡಿಕೊಂಡು ಫೋನ್ ಮಾಡುವವರೆಗೆ ಉಸ್ತಾದರೂ ನಾನೂ ಅಂಗಡಿ ಬಾಗಿಲು ಹಾಕಲಿಲ್ಲ. "ಏನೂ ಇಲ್ಲಪ್ಪಾ, ಒಂದು ಗೆರಿನೂ ಇಲ್ಲ" ಅಂದರು. ಉಸ್ತಾದರು ನನ್ನ ಬೆನ್ನಿಗೊಂದು ಗುದ್ದಿದರು. ಅವರ ಭಾಷೆಯಲ್ಲಿ ಅದು ಶಾಲು ಹೊದಿಸಿದಂತೆ.

ಶಾಲೆ ಶುರುವಾಗಿ ಸ್ವಲ್ಪ ದಿನದ ಮೇಲೆ ತಮ್ಮ ಒಬ್ಬರೇ ಅಂಗಡಿಗೆ ಬಂದರು. ರಿಪೇರಿ ಏನೂ ಇರಲಿಲ್ಲ. ಅದೇ ಕಂಬಕ್ಕೆ ಒರಗಿದರು. ಚಹಾ ತರಿಸಿದೆ. ಅರ್ಧ ಲೋಟ ಮುಗಿಸಿ ಶುರು ಮಾಡಿದರು.

"ಶಾಲಿ ತೆರೆದ ದಿನ ಅಕ್ಕ ಹತ್ತೋ ಮುಂದ ನಾ ಪಕ್ಕದಾಗ ನಿಂತಿದ್ನಪ. ರೂಢಿ ನೋಡು, ಎರಡೂ ಕೈ ಮುಂದ ಚಾಚ್ಕಂಡು ನಿಂತೀನಿ. ಅಕಿ ಹತ್ತಿದ್ಲು, ಕಾಲ ಇಟ್ಕಂಡ್ಲು, ಬಾಗ್ಲ ಹಾಕ್ಕಂಡ್ಲು. ನಾ ಇನ್ನೂ ಕೈ ಚಾಚ್ಕಂಡ ನಿಂತೀನಿ. ಗ್ಲಾಸು ಇಳಿಸಿ ಅಂತಾಳ, ಯಾಕ್ಲೇ ಹಂಗ್ ನಿಂತಿ, ಹತ್ತು, ಕಂಪನಿ ಬಸ್ಸಿಗೆ ಬಿಟ್ಟು ಹೋಗ್ತೀನಿ, ಅಂತ. ನಿನ್ನ ಆ ಡೈಮಂಡ್ ಲೆದರ್ ಮ್ಯಾಲ ಕುಂತೆ. ಬೆಳಿಗ್ಗಿಂದ ಗಾಡಿ ಬಿಸಿಲಾಗ ನಿಂತಿತ್ತು. ಖರೇನ ಸುಟ್ತು ನೋಡ್ಲೇ. ಆದ್ರ ಏಳಬೇಕು ಅನ್ನಿಸ್ಲಿಲ್ಲ."